ಕೊಕ್ಕರೆ ಸೈಕಲ್ಲು

ಸಂಚಿಕೆಗೆ ಏನು ಬರೆಯುತ್ತೀಯೆ ಎಂದು ಗೆಳತಿಯರು ಕೇಳಿದಾಗ ‘ಸೈಕಲ್ಲಿನ ಬಿಡಿಭಾಗಗಳ ವಿಷಯ’ ಎಂದೆ. ಅವರು ನಕ್ಕರು; ನಗುವುದಕ್ಕೆ ಕಾರಣವೂ ಇದೆ. ನಮ್ಮ ಕಾಲೇಜಿನ ಹಿಂದಿನ ಸಂಚಿಕೆಗಳನ್ನು ವಾಚನಾಲಯದಲ್ಲಿ ಕೂತು ತಿರುವಿ ನೋಡಿದ್ದೇನೆ. ಬೇಲೂರು ಹಳೇಬೀಡಿನ ಪ್ರವಾಸ, ಕುಮಾರವ್ಯಾಸನ ಕರ್ಣ, ಗ್ರಾಮಗಳ ಏಳಿಗೆ, ಪರೀಕ್ಷೆಯ ಹಿಂದಿನ ರಾತ್ರಿ, ಎಲ್ಲವೂ ಇವೆ; ಕಾಟರ್ ಪಿನ್ನಿನ ವಿಷಯವಾಗಿ ಯಾರೂ ಒಂದು ಸಾಲು ಬರೆದಂತಿಲ್ಲ. ಆದರೆ ಕಳೆದ ಒಂದು ವರ್ಷ ನನ್ನ ಭಾನುವಾರಗಳನ್ನೂ ವಿದ್ಯಾರ್ಥಿವೇತನದ ಒಂದು ಪಾಲನ್ನೂ ತಿಂದುಹಾಕಿದ ವಿಷಯ ಅದೊಂದೇ. ಅರೆಬರೆ ತಿಳಿದ ಕರ್ಣನ ಮೇಲೆ ಬರೆಯುವುದಕ್ಕಿಂತ ಚೆನ್ನಾಗಿ ತಿಳಿದ ಪಿನ್ನಿನ ಮೇಲೆ ಬರೆಯುವುದು ಲೇಸೆಂದು ತೋರಿತು. ಕನ್ನಡ ಅಧ್ಯಾಪಕರು ಕ್ಷಮಿಸಬೇಕು.

ನಮ್ಮ ಮನೆಯಿರುವುದು ಮಂಡ್ಯದಿಂದ ಹನ್ನೊಂದು ಕಿಲೋಮೀಟರಿನ ಮೇಲೆ, ವಿಶ್ವೇಶ್ವರಯ್ಯ ನಾಲೆಯ ಆಚೆಗಿರುವ ಒಂದು ಸಣ್ಣ ಕೊಪ್ಪಲಿನಲ್ಲಿ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹಾಲಿನ ಕ್ಯಾನು ಹೊತ್ತವರ ಲೆಕ್ಕ ಹಾಕಿದರೆ ನಾನು ಮೂರನೆಯ ತಲೆಮಾರು. ಹಾಲಿನ ಸೊಸೈಟಿ ನಾಲೆಯ ಈಚೆಗೆ, ದೊಡ್ಡ ಊರಿನಲ್ಲಿದೆ. ಮೂರು ಕಿಲೋಮೀಟರಿನ ದಾರಿ. ನಡುವೆ ನಾಲೆಯ ಏರಿಯನ್ನು ಹತ್ತಿ ಇಳಿಯಬೇಕು. ನಮ್ಮ ಮನೆಯದು ಒಂದು ಕ್ಯಾನು, ದೊಡ್ಡಪ್ಪನವರ ಮನೆಯದು ಒಂದು ಕ್ಯಾನು, ಇಪ್ಪತ್ತು ಲೀಟರಿನವು. ಎರಡೂ ತುಂಬಿದರೆ ಕ್ಯಾನಿನ ತೂಕವೂ ಸೇರಿ ಹತ್ತಿರ ಹತ್ತಿರ ೫೦ ಕಿಲೋ. ಇವನ್ನು ನಮ್ಮ ತಂದೆಯವರು ಟಿವಿಎಸ್ ಗಾಡಿಯ ಮೇಲೆ ಒಯ್ಯುತ್ತಿದ್ದರು. ಹೋದ ವರ್ಷ ನಮ್ಮ ತಾಯಿಯವರಿಗೆ ಶಸ್ತ್ರಚಿಕಿತ್ಸೆಯಾಯಿತು. ಆ ಖರ್ಚಿನಲ್ಲಿ ಗಾಡಿ ಹೋಯಿತು. ಅನಂತರ ಒಂದು ತಿಂಗಳು ತಂದೆಯವರು ಒಂದೊಂದೇ ಕ್ಯಾನನ್ನು ತಲೆಯ ಮೇಲಿಟ್ಟುಕೊಂಡು ಎರಡೆರಡು ಸಲ ನಡೆದರು. ಎರಡನೆಯ ಸಲ ಮುಟ್ಟುವ ಹೊತ್ತಿಗೆ ಕೆಲವು ದಿನ ಸೊಸೈಟಿಯ ಬಾಗಿಲು ಹಾಕಿರುತ್ತಿತ್ತು. ಹಾಲು ಯಾರಿಗಾಗಿಯೂ ಕಾದು ಕೂಡುವ ಪದಾರ್ಥವಲ್ಲ.

ಮನೆಯಲ್ಲಿ ಸೈಕಲ್ಲೇ ಇರಲಿಲ್ಲವೆಂದಲ್ಲ. ೨೦೦೬-೦೭ರಲ್ಲಿ ಆರಂಭವಾದ ಸರ್ಕಾರದ ಯೋಜನೆಯಲ್ಲಿ ಎಂಟನೆಯ ತರಗತಿಗೆ ನನಗೂ ಒಂದು ಸಿಕ್ಕಿತ್ತು. ನನ್ನನ್ನು ಹೈಸ್ಕೂಲು ದಾಟಿಸಿದ್ದು ಅದೇ. ಅದರ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಅದು ಪುಸ್ತಕದ ಚೀಲ ಹೊರುವುದಕ್ಕೆ ಹುಟ್ಟಿದ್ದು. ಎರಡು ಕ್ಯಾನು ಹೇರಿದ ಮೊದಲ ದಿನವೇ ಹಿಂದಿನ ಚಕ್ರದ ನಾಲ್ಕು ಕಡ್ಡಿಗಳು ಮುರಿದವು. ಆ ಸಂಜೆ ಜಗಲಿಯ ಮೇಲೆ ಕೂತಿದ್ದ ನಮ್ಮ ತಾತ, ಯಾರನ್ನೂ ಉದ್ದೇಶಿಸದೆ, ‘ಕೊಟ್ಟಿಗೇಲಿ ನಂದು ಐತಲ್ಲ, ಅದ್ನ ತಗೀರಿ’ ಎಂದರು.

ಆ ಸೈಕಲ್ಲನ್ನು ಹುಟ್ಟಿದಾಗಿನಿಂದ ನೋಡಿದ್ದೆ. ಸೈಕಲ್ಲೆಂದು ಮಾತ್ರ ನೋಡಿರಲಿಲ್ಲ. ಅದರ ಸೀಟಿನ ಮೇಲೆ ಕೋಳಿ ಕೂರುತ್ತಿತ್ತು. ಹ್ಯಾಂಡಲ್ಲಿಗೆ ಕಣ್ಣಿ, ಮೂಗುದಾರಗಳನ್ನು ತೂಗುಹಾಕುತ್ತಿದ್ದರು. ೧೯೬೬ರಲ್ಲಿ, ತಮಗೆ ಇಪ್ಪತ್ತು ವರ್ಷವಾಗಿದ್ದಾಗ, ತಾತ ಒಂದು ಕಡಸನ್ನು ಮಾರಿ ೧೩೦ ರೂಪಾಯಿಗೆ ಅದನ್ನು ಒಬ್ಬ ರೆವಿನ್ಯೂ ಇನ್‌ಸ್ಪೆಕ್ಟರರಿಂದ ಕೊಂಡರಂತೆ. ಕೊಂಡಾಗಲೇ ಹಳೆಯದು. ಅಂದಿನಿಂದ ೧೯೯೪ರ ತನಕ ಇಪ್ಪತ್ತೆಂಟು ವರ್ಷ ಮಂಡ್ಯದ ಮೂರು ಹೋಟೆಲುಗಳಿಗೂ ಒಂದು ವಠಾರಕ್ಕೂ ಹಾಲು ಹಾಕಿದರು. ಹೋಗಿ ಬರುವುದು ೨೨ ಕಿಲೋಮೀಟರು. ವರ್ಷಕ್ಕೆ ಮುನ್ನೂರೇ ದಿನವೆಂದು ಹಿಡಿದರೂ ಒಟ್ಟು ೧,೮೪,೮೦೦ ಕಿಲೋಮೀಟರು ಆಗುತ್ತದೆ. ಭೂಮಿಯ ಸುತ್ತಳತೆ ಸುಮಾರು ೪೦,೦೦೦ ಕಿಲೋಮೀಟರು. ‘ತಾತ, ನೀವು ಭೂಮಿಯನ್ನು ನಾಲ್ಕೂವರೆ ಸುತ್ತು ಸುತ್ತಿದ್ದೀರಿ’ ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಅಷ್ಟು ದೂರ ಹೋಗಿದ್ರೆ ಒಂದೆರಡು ಬೇರೆ ಊರ್ನಾದ್ರೂ ನೋಡ್ಬೌದಿತ್ತಲ್ಲ ಮಗ’ ಎಂದರು.

ಸೈಕಲ್ಲಿಗೆ ನಮ್ಮ ಸೀಮೆಯಲ್ಲಿ ‘ಕೊಕ್ಕರೆ ಸೈಕಲ್ಲು’ ಎಂದೇ ಹೆಸರಿತ್ತಂತೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಿಂದ ಬಂದದ್ದಿರಬೇಕೆಂದು ನಾನು ಚಿಕ್ಕಂದಿನಲ್ಲಿ ತಿಳಿದಿದ್ದೆ. ಕೊಟ್ಟಿಗೆಯಿಂದ ಹೊರಗೆ ತಂದು ಸೀಮೆಎಣ್ಣೆಯಲ್ಲಿ ಚೈನ್ ವೀಲನ್ನು ಉಜ್ಜಿದಾಗ ಹೆಸರಿನ ಮೂಲ ಕಾಣಿಸಿತು. ಆ ಹಲ್ಲಿನ ಚಕ್ರದ ಒಳಗೆ, ಕಬ್ಬಿಣದಲ್ಲೇ ಕೊರೆದ ಮೂರು ಉದ್ದ ಕೊಕ್ಕಿನ ಹಕ್ಕಿಯ ತಲೆಗಳು. ಇದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ರಾಲೆ ಕಂಪನಿಯ ಗುರುತು. ಆ ಕಾಲದ ಸೈಕಲ್ಲುಗಳಿಗೆ ಮುಂದಿನ ಬಿಲ್ಲೆ ಉದುರಿಹೋದರೂ ಚೈನ್ ವೀಲನ್ನು ನೋಡಿ ಕುಲ ಹೇಳಬಹುದಾಗಿತ್ತು. ರಾಲೆಯದಕ್ಕೆ ಕೊಕ್ಕರೆ, ರಡ್ಜ್‌ನದಕ್ಕೆ ತೆರೆದ ಅಂಗೈ, ಬಿ.ಎಸ್.ಎ.ಯದಕ್ಕೆ ಅದೇ ಮೂರು ಅಕ್ಷರ. ಬಿ.ಎಸ್.ಎ. ಎಂದರೆ ಮೊದಲಿಗೆ ಬಂದೂಕು ಮಾಡುವ ಕಂಪನಿ. ಆದ್ದರಿಂದ ಅದರ ಬಿಲ್ಲೆಯ ಮೇಲೆ ಒಂದಕ್ಕೊಂದು ಆನಿಸಿದ ಮೂರು ಬಂದೂಕುಗಳು. ಹಂಬರಿನ ಸೈಕಲ್ಲಿಗಂತೂ ಮುಂದಿನ ಕವೆಯೇ ಜೋಡಿ. ಒಂದೊಂದು ಪಕ್ಕಕ್ಕೆ ಎರಡೆರಡು ಕೊಳವೆ. ಇದನ್ನೆಲ್ಲ ನಾನು ಪಾಠದ ಪುಸ್ತಕಕ್ಕಿಂತ ಹೆಚ್ಚಿನ ಆಸಕ್ತಿಯಿಂದ ಓದಿದೆನೆಂದರೆ ಇತಿಹಾಸದ ಅಧ್ಯಾಪಕರು ಬೇಸರಿಸಬಾರದು. ಇದೂ ಒಂದು ಬಗೆಯ ಲಾಂಛನಶಾಸ್ತ್ರವೇ.

ಸೈಕಲ್ಲನ್ನು ಬಿಚ್ಚಿ ಗೋಣಿಯ ಮೇಲೆ ಹರವಿದಾಗ ಅರ್ಧ ಗಾಬರಿಯಾಯಿತು, ಅರ್ಧ ಧೈರ್ಯ ಬಂತು. ಧೈರ್ಯವೇಕೆಂದರೆ, ಹೊರಗಿನ ಸಾಮಾನೆಲ್ಲ ಇವತ್ತಿಗೂ ಪೇಟೆಯಲ್ಲಿ ಸಿಗುತ್ತದೆ. ನಾಟಿಂಗ್‌ಹ್ಯಾಮಿನಲ್ಲಿ ೨೦೦೨ರಲ್ಲೇ ರಾಲೆ ಸೈಕಲ್ಲು ಕಟ್ಟುವುದು ನಿಂತಿತು. ಆದರೆ ಅದೇ ಅಚ್ಚಿನ ದಪ್ಪ ಕೊಳವೆಯ, ರಾಡ್ ಬ್ರೇಕಿನ, ಇಪ್ಪತ್ತೆಂಟು ಇಂಚಿನ ಚಕ್ರದ ಸೈಕಲ್ಲುಗಳನ್ನು ನಮ್ಮ ದೇಶದಲ್ಲಿ ಈಗಲೂ ಮಾಡುತ್ತಾರೆ. ಹೀಗಾಗಿ ಟೈರು, ಟ್ಯೂಬು, ವಾಲ್ ಟ್ಯೂಬು, ಬ್ರೇಕಿನ ರಬ್ಬರು ಯಾವುದಕ್ಕೂ ಅಲೆಯಬೇಕಾಗಲಿಲ್ಲ. ಮುಂದಿನ ಚಕ್ರಕ್ಕೆ ೩೨ ಕಡ್ಡಿ, ಹಿಂದಿನದಕ್ಕೆ ೪೦ ಕಡ್ಡಿ. ಭಾರ ಬೀಳುವುದು ಹಿಂದೆ ಎಂಬುದನ್ನು ಆ ಕಂಪನಿಯವರು ನಮ್ಮ ತಾತನಿಗಿಂತ ಮೊದಲೇ ತಿಳಿದಿದ್ದರು. ಟೈರಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. ‘ಇಪ್ಪತ್ತೆಂಟು ಇಂಚು’ ಎಂದು ಕೇಳಿದರೆ ಅಂಗಡಿಯವರು ಎರಡು ಬಗೆಯದನ್ನು ಕೊಡಬಹುದು. ಒಂದೂವರೆ ಇಂಚಿನ ದಪ್ಪದ ಹಳೆಯ ಟೈರು ರಿಮ್ಮಿನ ಮೇಲೆ ಕೂಡುವ ಕಡೆ ೬೩೫ ಮಿಲಿಮೀಟರು. ಈಗಿನ ತೆಳುವಾದ ಟೈರು ೬೨೨. ಹೆಸರು ಒಂದೇ, ಅಳತೆಯಲ್ಲಿ ೧೩ ಮಿಲಿಮೀಟರು ವ್ಯತ್ಯಾಸ. ಎಷ್ಟು ಎಳೆದರೂ ಚಿಕ್ಕದು ದೊಡ್ಡದರ ಮೇಲೆ ಹತ್ತುವುದಿಲ್ಲ.

ಗಾಬರಿಯಾದದ್ದು ಒಳಗಿನ ಸಾಮಾನಿನಲ್ಲಿ. ಪೆಡಲು ತಿರುಗುವ ಅಡ್ಡ ಕೊಳವೆಯನ್ನು ಷಾಪಿನವರು ಬಿ.ಬಿ. ಎನ್ನುತ್ತಾರೆ. ಅದರೊಳಗೆ ಒಂದು ಎಕ್ಸೆಲ್ಲು, ಎರಡು ಪಕ್ಕಕ್ಕೂ ಒಂದೊಂದು ಉಕ್ಕಿನ ಕಪ್ಪು, ಒಂದೊಂದು ಕಪ್ಪಿನಲ್ಲಿ ಹನ್ನೊಂದು ಕಾಲಿಂಚಿನ ಗುಂಡುಗಳು. ತುಳಿಯುವವನ ಬಲವೆಲ್ಲ ಹಾದುಹೋಗುವುದು ಇದರ ಮೂಲಕ. ನಮ್ಮದರಲ್ಲಿ ಗುಂಡುಗಳು ಕರಗಿ ಸಾಸಿವೆಯಂತಾಗಿದ್ದವು. ಬಲಗಡೆಯ ಕಪ್ಪು ಇಲಿ ಕಚ್ಚಿದಂತೆ ಗುಳಿಬಿದ್ದಿತ್ತು. ಎಡಗಡೆಯದು ಬಿರಿದಿತ್ತು.

ಮಂಡ್ಯದ ಸೈಕಲ್ ಷಾಪಿನ ಯಜಮಾನರು ಐವತ್ತು ವರ್ಷದಿಂದ ಈ ಕೆಲಸದಲ್ಲಿರುವವರು. ಹೊಸ ಕಪ್ಪೊಂದನ್ನು ತೆಗೆದು ತಿರುಗಿಸಿದರು. ಎರಡು ಸುತ್ತು ಹೋಗಿ ನಿಂತಿತು. ಮತ್ತೊಂದು ತೆಗೆದರು, ಅದೂ ಎರಡು ಸುತ್ತಿಗೆ ನಿಂತಿತು. ಅವರು ಸ್ಪಾನರನ್ನು ಕೆಳಗಿಟ್ಟು, ‘ಇದು ಒಲ್ಲೆ ಅಂತದೆ ಕಣವ್ವ. ಬಲವಂತ ಮಾಡಬಾರದು’ ಎಂದರು. ಆ ಮಾತಿಗೆ ನಾನು ಅವರಿಗೆ ಋಣಿ. ಏಕೆಂದರೆ ಬೇರೊಂದು ಷಾಪಿನಲ್ಲಿ ‘ಬಡಿದು ಕೂರಿಸಿಬಿಡೋಣ’ ಎಂದು ಹೊರಟಿದ್ದರು. ಬಡಿದಿದ್ದರೆ ಕಪ್ಪಿನ ತಿರುಪು ಕೊಳವೆಯೊಳಗಿನ ತಿರುಪನ್ನು ಕತ್ತರಿಸಿ ಹಾಕುತ್ತಿತ್ತು. ಆಮೇಲೆ ಯಾವ ಕಪ್ಪೂ ಕೂಡುತ್ತಿರಲಿಲ್ಲ.

ಯಜಮಾನರು ಫೋನಿನಲ್ಲಿ ಒಂದು ಚಿತ್ರ ತೆಗೆದು ಬೆಂಗಳೂರಿನಲ್ಲಿ ಹಳೆಯ ಸೈಕಲ್ಲುಗಳನ್ನು ಕೂಡಿಹಾಕುವ ಒಬ್ಬ ಮಹನೀಯರಿಗೆ ಕಳುಹಿಸಿದರು. ಅವರು ಎರಡೇ ವಾರದಲ್ಲಿ ಕಾರಿನಲ್ಲಿ ನಮ್ಮ ಕೊಪ್ಪಲಿಗೇ ಬಂದುಬಿಟ್ಟರು. ಸಜ್ಜನರು, ವಿಷಯ ತಿಳಿದವರು. ಗೋಣಿಯ ಮೇಲೆ ನಮ್ಮ ಜೊತೆಯಲ್ಲೇ ಕೂತು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿದರು. ಗುಟ್ಟನ್ನು ಬಿಡಿಸಿಹೇಳಿದವರು ಅವರೇ. ಬೇರೆ ಇಂಗ್ಲಿಷ್ ಸೈಕಲ್ಲುಗಳ ಬಿ.ಬಿ.ಯಲ್ಲಿ ಇಂಚಿಗೆ ೨೪ ಎಳೆ ತಿರುಪಿದ್ದರೆ, ನಾಟಿಂಗ್‌ಹ್ಯಾಮಿನ ರಾಲೆಯವರು ತಮ್ಮದೇ ಆದ ೨೬ ಎಳೆಯನ್ನು ಇಟ್ಟುಕೊಂಡಿದ್ದರು. ಸುತ್ತಳತೆ ಒಂದೇ ಆದ್ದರಿಂದ ಬಾಯಿಗೆ ಸರಿಯಾಗಿ ಕೂಡುತ್ತದೆ, ಎರಡು ಸುತ್ತು ಒಳಗೂ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಲೇತಿನ ಅಂಗಡಿಯಲ್ಲಿ ಗೇಜು ಹಿ���ಿದು ನೋಡಿಸಿದೆ: ೨೬ ಎಳೆಯೇ. ಕೊಳವೆಯ ಅಗಲವೂ ೭೧ ಮಿಲಿಮೀಟರು. ಷಾಪಿನಲ್ಲಿ ಸಿಗುವ ಎಕ್ಸೆಲ್ಲು ೬೮ಕ್ಕೆ ಹೊಂದುವಂಥದು. ಅಂದರೆ ಕಪ್ಪು ಸಿಕ್ಕಿದರೂ ಎಕ್ಸೆಲ್ಲಿಗೆ ಬೇರೆ ಅಲೆಯಬೇಕು.

ಹೊರಡುವ ಮುಂಚೆ ಆ ಮಹನೀಯರು ಒಂದು ಬೆಲೆಯನ್ನೂ ಹೇಳಿದರು. ಎಲ್ಲ ಭಾಗವೂ ಕಾರ್ಖಾನೆಯಿಂದ ಬಂದಂತೆಯೇ ಸರಿಹೋದರೆ ೧೮,೦೦೦ ರೂಪಾಯಿ. ಒಂದು ನಿಬಂಧನೆ: ಹಿಂದಿನ ಕ್ಯಾರಿಯರನ್ನೂ ಅದರ ಊರುಗೋಲುಗಳನ್ನೂ ಕ್ಯಾನಿನ ಕೊಕ್ಕೆಗಳನ್ನೂ ತೆಗೆಯಬೇಕು. ಅವು ನಾಟಿಂಗ್‌ಹ್ಯಾಮಿನವಲ್ಲ, ಆಮೇಲೆ ಸೇರಿದವು. ತೆಗೆಯದಿದ್ದರೆ ೧೦,೦೦೦. ಮನೆಯಲ್ಲಿ ಯಾರೂ ಏನೂ ಹೇಳಲಿಲ್ಲ. ಹತ್ತೊ ಹದಿನೆಂಟೊ, ಸದ್ಯಕ್ಕೆ ಬೇಕಾದದ್ದು ಕಪ್ಪು.

ಅಂದಿನಿಂದ ನನ್ನ ಹುಡುಕಾಟ ಆರಂಭವಾಯಿತು. ಅದಕ್ಕೆ ಒಂದು ಉಪಾಯವನ್ನು ಷಾಪಿನ ಯಜಮಾನರು ಹೇಳಿಕೊಟ್ಟರು. ಎಡಗಡೆಯ ಕಪ್ಪನ್ನು ಬಿಗಿಹಿಡಿಯುವ ಒಂದು ಲಾಕ್ ರಿಂಗು ಇರುತ್ತದೆ, ನಮ್ಮದು ಚೆನ್ನಾಗಿತ್ತು. ಅದನ್ನು ಸದಾ ಜೊತೆಯಲ್ಲಿ ಇಟ್ಟುಕೊಂಡು, ಸಿಕ್ಕಿದ ಕಪ್ಪಿಗೆಲ್ಲ ತಿರುಗಿಸಿ ನೋಡುವುದು. ಎರಡು ಸುತ್ತಿಗೆ ನಿಂತರೆ ೨೪; ಬೆರಳಿನಲ್ಲೇ ಕೊನೆಯ ತನಕ ಓಡಿದರೆ ೨೬. ಬಲಗಡೆಯ ಕಪ್ಪಿಗೆ ಈ ಉಪಾಯ ನಡೆಯದು, ಅದರ ತಿರುಪೇ ಎಡಮುರಿ. ಅದಕ್ಕೆ ನಮ್ಮ ಹಳೆಯ ಕಪ್ಪನ್ನೂ ಹೊಸದನ್ನೂ ಪಕ್ಕಪಕ್ಕಕ್ಕೆ ಒತ್ತಿ ಬೆಳಕಿಗೆ ಹಿಡಿಯಬೇಕು. ಹಲ್ಲಿಗೆ ಹಲ್ಲು ಕೂತು ನಡುವೆ ಬೆಳಕು ನುಸುಳದಿದ್ದರೆ ಜಾತಿ ಒಂದೇ. ರಿಂಗನ್ನು ನಾನು ಜಾಮಿಟ್ರಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೆ. ಒಂದು ದಿನ ಫ್ರಾನ್ಸಿನ ಕ್ರಾಂತಿಯ ಪಾಠ ನಡೆಯುತ್ತಿದ್ದಾಗ ಅದು ಕೆಳಗೆ ಬಿದ್ದು, ಉರುಳಿ ಉರುಳಿ ಅಧ್ಯಾಪಕರ ಪಾದದ ಬಳಿ ನಿಂತಿತು. ಅವರು ಅದನ್ನು ಎತ್ತಿ ನೋಡಿ, ‘ಯಾವ ರಾಜನ ಕಡಗ ಇದು?’ ಎಂದು ಕೇಳಿದರು. ವಿಷಯ ಹೇಳಿದಾಗ, ತಮ್ಮ ತಂದೆಯವರೂ ರಾಲೆ ಸೈಕಲ್ಲಿನ ಮೇಲೆ ಶಾಲೆಗೆ ಹೋಗುತ್ತಿದ್ದ ಮಾಸ್ತರರೆಂದು ಹೇಳಿ, ಆ ದಿನದ ಕ್ರಾಂತಿಯನ್ನು ಹತ್ತು ನಿಮಿಷ ಮೊದಲೇ ಮುಗಿಸಿದರು.

ಮೈಸೂರಿನ ಒಂದು ಹಳೆಯ ಅಂಗಡಿಗೆ ಎರಡು ಸಲ ಹೋದೆ. ಅಲ್ಲಿಯ ಹಿರಿಯರು ಏಣಿ ಹತ್ತಿ ಅಟ್ಟದಿಂದ ಧೂಳು ಹಿಡಿದ ಡಬ್ಬಿಗಳನ್ನು ಇಳಿಸಿ ಕೊಟ್ಟರು. ರಿಂಗು ಹಿಡಿದುಕೊಂಡು ಒಂದು ಮಧ್ಯಾಹ್ನವೆಲ್ಲ ಕೂತೆ. ನಲವತ್ತಕ್ಕೂ ಹೆಚ್ಚು ಕಪ್ಪು, ಒಂದರಲ್ಲೂ ಓಡಲಿಲ್ಲ. ‘ಅಸನ್ಸೋಲಿನ ಮಾಲು ಬರುತ್ತಿದ್ದಾಗ ಇವೆಲ್ಲ ಸಿಗುತ್ತಿತ್ತಮ್ಮ’ ಎಂದು ಅವರು ನಿಟ್ಟುಸಿರು ಬಿಟ್ಟರು. ಬಂಗಾಳದ ಅಸನ್ಸೋಲಿನಲ್ಲಿ ೧೯೫೨ರಲ್ಲಿ ಸೆನ್-ರಾಲೆ ಕಾರ್ಖಾನೆ ಆರಂಭವಾಗಿ, ರಾಲೆ, ಹಂಬರ್, ರಡ್ಜ್ ಹೆಸರಿನ ಸೈಕಲ್ಲುಗಳು ನಮ್ಮಲ್ಲೇ ಆಗತೊಡಗಿದ್ದವು. ೧೯೮೦ರಲ್ಲಿ ಅದನ್ನು ಸರ್ಕಾರ ವಹಿಸಿಕೊಂಡಿತು. ಆಮೇಲೆ ಅದೂ ಮುಚ್ಚಿತು. ಹಿರಿಯರು ನನ್ನ ಬಸ್ಸಿನ ಖರ್ಚು ವ್ಯರ್ಥವಾಗಬಾರದೆಂದು ಎರಡು ಕಾಟರ್ ಪಿನ್ನುಗಳನ್ನು ಹುಡುಕಿ ಕೊಟ್ಟರು. ಅವೂ ಸುಲಭದ ವಸ್ತುಗಳಲ್ಲ: ನಮಗೆ ಬೇಕಾದ್ದು ಇಂಚಿನ ಎಂಟರಲ್ಲಿ ಮೂರು ಪಾಲು, ಅಂದರೆ ೯.೫ ಮಿಲಿಮೀಟರಿನದು, ೯ ಮಿಲಿಮೀಟರಿನದು ನೋಡುವುದಕ್ಕೆ ಅದರ ಅವಳಿಯಂತೆ ಇರುತ್ತದೆ, ಹಾಕಿದರೆ ನಾಲ್ಕು ದಿನಕ್ಕೆ ಸಡಿಲವಾಗುತ್ತದೆ. ನಾಲೆಯ ಏರಿಯ ಮೇಲೆ ತುಳಿಯುವಾಗ ಪಿನ್ನು ಜಾರಿದರೆ ಚೆಲ್ಲುವುದು ಎರಡು ಮನೆಯ ಹಾಲು.

ಕೊನೆಗೆ ಕಪ್ಪು ಸಿಕ್ಕಿದ್ದು ಬೆಂಗಳೂರಿನಲ್ಲಿ. ಚಿಕ್ಕಪೇಟೆಯ ಕಡೆ ಭಾನುವಾರ ಬೆಳಗಿನ ಹೊತ್ತು ರಸ್ತೆಯ ಮೇಲೆ ಹಳೆಯ ಸಾಮಾನಿನ ಸಂತೆ ಕೂಡುತ್ತದೆ. ರೇಡಿಯೋ, ಗಡಿಯಾರ, ಹಿತ್ತಾಳೆ ನಲ್ಲಿ, ಒಂಟಿ ಬೂಟು, ಎಲ್ಲವೂ ಇರುತ್ತವೆ. ಮೊದಲ ರೈಲು ಹಿಡಿದು ಹೋದೆ, ತಂದೆಯವರೂ ಬಂದಿದ್ದರು. ಒಂದು ಗೋಡೆಯ ಬುಡದಲ್ಲಿ, ಗರಗಸದಿಂದ ಅರ್ಧ ಕತ್ತರಿಸಿದ ಸೈಕಲ್ ಫ್ರೇಮೊಂದು ಬಿದ್ದಿತ್ತು. ಚೈನ್ ವೀಲಿನಲ್ಲಿ ಮೂರು ಕೊಕ್ಕರೆ. ತಂದೆಯವರು ಅದನ್ನು ಕಂಡದ್ದೇ ಮುಖವನ್ನು ಬೇರೆ ಕಡೆ ತಿರುಗಿಸಿ ಒಂದು ತಕ್ಕಡಿಯ ಬೆಲೆ ಕೇಳತೊಡಗಿದರು. ದನದ ಜಾತ್ರೆಯಲ್ಲಿ ಕಲಿತ ವಿದ್ಯೆ. ಆದರೆ ಮಾರುವವನೂ ಜಾತ್ರೆ ಕಂಡವನೇ. ‘ಕಬ್ಬಿಣದ ರೇಟಿಗೆ ಕೊಡಲ್ಲ, ಸಾರ್, ಇದರಲ್ಲಿ ಹಕ್ಕಿ ಇದೆ’ ಎಂದ. ಎಂಟುನೂರು ಎಂದವನು ನಾನೂರೈವತ್ತಕ್ಕೆ ಇಳಿದ.

ಆ ಕಪ್ಪುಗಳು ತುಕ್ಕಿನಿಂದ ಕಚ್ಚಿಕೊಂಡಿದ್ದವು. ನಾಲ್ಕು ದಿನ ಸೀಮೆಎಣ್ಣೆ ಕುಡಿಸಿದೆವು. ಎಡಗಡೆಯದು ಬಂತು, ಬಲಗಡೆಯದು ಯಾವ ಸ್ಪಾನರಿಗೂ ಬಗ್ಗಲಿಲ್ಲ. ಆಗ ಷಾಪಿನ ಯಜಮಾನರು ತೋರಿಸಿದ ಕೈಚಳಕವನ್ನು ನಮ್ಮ ಭೌತಶಾಸ್ತ್ರದವರು ನೋಡಬೇಕಾಗಿತ್ತು. ಕಪ್ಪಿನ ಅಂಚನ್ನು ವೈಸಿನ ದವಡೆಗೆ ಕಚ್ಚಿಸಿ, ಫ್ರೇಮನ್ನೇ ಗಾಣದ ನೊಗದಂತೆ ಹಿಡಿದು ಸುತ್ತಿಸಿದರು. ಕಪ್ಪು ಅಲ್ಲೇ ನಿಂತಿತು. ಸೈಕಲ್ಲು ತಿರುಗಿ ಕಳಚಿಕೊಂಡಿತು. ಒಳಗೆ ಕಪ್ಪುಬಣ್ಣದ ಹಳೆಯ ಗ್ರೀಸು. ಒರೆಸಿದರೆ ಉಕ್ಕು ಕನ್ನಡಿಯಂತಿತ್ತು. ಎಕ್ಸೆಲ್ಲೂ ಅದರಲ್ಲೇ ಸಿಕ್ಕಿತು. ನನ್ನ ರಿಂಗನ್ನು ಎಡಗಡೆಯ ಕಪ್ಪಿಗೆ ಇಟ್ಟು ಬೆರಳಿನಿಂದ ಮುಟ್ಟಿದ್ದಷ್ಟೆ, ಕೊನೆಯ ತನಕ ಓಡಿತು. ಪದವಿ ಪರೀಕ್ಷೆಯ ಫಲಿತಾಂಶ ಬಂದ ದಿನ ಇಷ್ಟು ಸಂತೋಷವಾಗುತ್ತದೆಯೋ ಇಲ್ಲವೋ, ಹೇಳಲಾರೆ.

ಈ ನಡುವೆ ಇಂಗ್ಲಿಷ್ ಅಧ್ಯಾಪಕರು ನನಗೆ ಅಲನ್ ಸಿಲಿಟೋ ಎಂಬಾತನ ಒಂದು ಕಾದಂಬರಿಯನ್ನು ಓದಲು ಕೊಟ್ಟರು, ೧೯೫೮ರಲ್ಲಿ ಪ್ರಕಟವಾದದ್ದು. ಸಿಲಿಟೋ ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು ಇದೇ ರಾಲೆ ಕಾರ್ಖಾನೆಗೆ ಸೇರಿದವನಂತೆ. ಅವನ ಕಥಾನಾಯಕ ಸೈಕಲ್ ಕಾರ್ಖಾನೆಯ ಲೇತಿನ ಮುಂದೆ ನಿಂತು ದಿನಕ್ಕೆ ನೂರಾರು ಬಿಡಿಭಾಗಗಳನ್ನು ಕಡೆಯುವವನು, ಶನಿವಾರದ ರಾತ್ರಿಗಾಗಿ ಕಾಯುವವನು. ಭಾಷೆ ಕಷ್ಟವಾದರೂ ಓದಿ ಮುಗಿಸಿದೆ. ಇಂಚಿಗೆ ಇಪ್ಪತ್ತಾರು ಎಳೆ ಎಂದು ನಾನು ಅಷ್ಟು ಸಲ ಹೇಳಿದ್ದರ ಹಿಂದೆ ಅಲ್ಲಿಯೂ ಎಣ್ಣೆಗೈಯ, ಸಂಬಳ ಸಾಲದ ಮನುಷ್ಯರಿದ್ದರು ಎಂಬುದು ಅಲ್ಲಿಯ ತನಕ ನನಗೆ ಹೊಳೆದಿರಲಿಲ್ಲ.

ಇರಲಿ. ಚಕ್ರ ಕಟ್ಟಿ, ಬಿ.ಬಿ. ಕೂಡಿಸಿ, ಪಿನ್ನುಗಳನ್ನು ಅರದಲ್ಲಿ ಉಜ್ಜಿ ಒಂದಕ್ಕೊಂದು ತಲೆಕೆಳಗಾಗಿ ಹೊಡೆದು—ಹಾಗೆ ಹೊಡೆಯದಿದ್ದರೆ ಎರಡು ಪೆಡಲುಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ—ಸೈಕಲ್ಲು ಎದ್ದು ನಿಂತಿತು. ಇನ್ನು ಉಳಿದದ್ದು ಒಂದು ಕೊಕ್ಕೆ. ನಾಟಿಂಗ್‌ಹ್ಯಾಮಿನ ಕಪ್ಪು ಸಿಕ್ಕಿದ ಮೇಲೆ ಒಂದು ಕೊಕ್ಕೆ ಏನು ಮಹಾ ಎಂದೇ ಎಲ್ಲರೂ ಭಾವಿಸಿದೆವು.

ಕ್ಯಾರಿಯರ್, ಕೊಕ್ಕೆಗಳೆಲ್ಲ ದೊಡ್ಡ ಊರಿನ ಆಚಾರ್ರ ಕುಲುಮೆಯಲ್ಲಿ ಆದವು. ಎತ್ತಿನ ಗಾಡಿಯ ಚಕ್ರದ ಹಳೆಯ ಪಟ್ಟಿಯನ್ನು ಕಾಯಿಸಿ ಬಡಿದದ್ದು. ಬಲಗಡೆಯ ಕೊಕ್ಕೆ ಉಳಿದಿತ್ತು, ಎಡಗಡೆಯದು ಯಾವಾಗಲೋ ಕಳೆದಿತ್ತು. ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಬಲಗಡೆಯದನ್ನು ನೋಡಿ ಅದರ ಪ್ರತಿಬಿಂಬದಂತೆ ಒಂದನ್ನು ಮಾಡಿಕೊಟ್ಟರು. ನೋಡುವುದಕ್ಕೆ ಅಚ್ಚುಕಟ್ಟು. ಆದರೆ ತಂದೆಯವರು ಕ್ಯಾನು ತೂಗುಹಾಕಿ ಏರಿಯ ಮೇಲೆ ಸೈಕಲ್ಲನ್ನು ತಳ್ಳಿಕೊಂಡು ಹತ್ತುವಾಗ ಹೆಜ್ಜೆ ಹೆಜ್ಜೆಗೂ ಮೊಣಕಾಲು ಕ್ಯಾನಿಗೆ ಬಡಿಯುತ್ತಿತ್ತು. ಹಿಂದಕ್ಕೆ ಸರಿಸಿ ಕಟ್ಟಿದರೆ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ಲು ತೊನೆಯತೊಡಗಿತು. ತಾತನನ್ನು ಕೇಳಿದರೆ, ‘ಆಚಾರ್ರು ಮಾಡವ್ರೆ, ನಾನು ತುಳ್ದಿವ್ನಿ, ನಂಗೇನ್ ಗೊತ್ತು’ ಎಂದರು.

ಆಚಾರ್ರಿಗೆ ಎಂಬತ್ತು ದಾಟಿದೆ, ಕಣ್ಣು ಕಾಣಿಸದು. ಕುಲುಮೆ ಆರಿ ಬಹಳ ವರ್ಷವಾಯಿತು. ಮಗ ಅದೇ ಜಾಗದಲ್ಲಿ ಕಿಟಕಿಯ ಗ್ರಿಲ್ಲು ಮಾಡುತ್ತಾರೆ. ನಾನು ಕೊಟ್ಟ ಕೊಕ್ಕೆಯನ್ನು ಅವರು ಎರಡು ಕೈಯಲ್ಲೂ ಹಿಡಿದು, ಬಾಗಿನ ಮೇಲೆ ಹೆಬ್ಬೆರಳನ್ನು ನಿಧಾನವಾಗಿ ಓಡಿಸಿದರು. ‘ಇದು ಬಲಗಡೇದು ಕಣವ್ವ’ ಎಂದರು. ‘ಎಡಗಡೇದು ಇದ್ರಂಗಿಲ್ಲ. ಎರಡು ಬೆರಳು ಹಿಂದಕ್ಕೆ ನಿಲ್ತದೆ. ನಿಮ್ ತಾತ ಎಡಕ್ಕೆ ನಿಂತು ತಳ್ಳೋನು. ಮೊಣಕಾಲು ಬಡೀತದೆ ಅಂತ ಮೂರು ಸಲ ಬಂದಿದ್ದ. ಎಡದ್ದ ಹಿಂದಕ್ಕೆ ಹಾಕಿ, ಬಲದ್ದ ಅಷ್ಟೇ ಮುಂದಕ್ಕೆ ತಂದೆ. ಆಮೇಲೆ ತಕ್ಕಡಿ ಸರಿಹೋಯ್ತು.’ ಇಷ್ಟು ಹೇಳಿ ಸುಮ್ಮನಾದವರು, ‘ಈಗ ತಳ್ಳೋರು ಯಾರು, ನಿಮ್ಮಪ್ಪನಾ? ತಾತನಿಗಿಂತ ಎತ್ತರವಾ?’ ಎಂದು ಕೇಳಿದರು. ಒಂದು ಗೇಣು ಎತ್ತರವೆಂದೆ. ‘ಹಂಗಾದ್ರೆ ಮೂರು ಬೆರಳು’ ಎಂದರು.

ತೆಳ್ಳನೆಯ ತಂತಿಯೊಂದನ್ನು ತರಿಸಿ, ಕಣ್ಣಿಲ್ಲದೆಯೇ ತೊಡೆಯ ಮೇಲೆ ಬಗ್ಗಿಸಿ ಮಾದರಿ ಮಾಡಿದರು. ಹಳ್ಳದಲ್ಲಿ ಕ್ಯಾನು ನೆಗೆದು ಕಳಚದಂತೆ ತುದಿಯನ್ನು ಒಳಕ್ಕೆ ಮುರಿದರು. ಗಾಡಿಯ ಪಟ್ಟಿಯ ತುಂಡೊಂದನ್ನು ಮೂಲೆಯಿಂದ ತಡಕಿ ತೆಗೆಸಿ, ಗ್ಯಾಸಿನ ಬೆಂಕಿಯಲ್ಲಿ ಮಗನಿಂದ ಕಾಯಿಸಿ ಬಡಿಸಿದರು. ಸದ್ದಿನಿಂದಲೇ ‘ತಣ್ಣಗಾಯ್ತು, ಮತ್ತೆ ಇಡು’ ಎನ್ನುತ್ತಿದ್ದರು. ಬಲಗಡೆಯದನ್ನೂ ಕಾಯಿಸಿ ಒಂದು ಬೆರಳು ಮುಂದಕ್ಕೆ ಎಳೆಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ, ಸೊಸೈಟಿಗೆ ಹೋಗುವಾಗ ದಾರಿಯಲ್ಲಿ ನಿಲ್ಲಿಸಿ ಒಂದು ಸಲ ಬೆಲ್ಲು ಹೊಡೆಯಬೇಕೆಂದು ಹೇಳಿದರು.

ಬೆಂಗಳೂರಿನ ಮಹನೀಯರಿಗೆ ಫೋನು ಮಾಡಿದಾಗ ಈ ಕಥೆಯನ್ನೂ ಹೇಳಿದೆ. ಅವರು ಆಸಕ್ತಿಯಿಂದಲೇ ಕೇಳಿದರು. ಆದರೆ ಲೆಕ್ಕ ಬದಲಾಗಲಿಲ್ಲ. ಕ್ಯಾರಿಯರ್ ಇಲ್ಲದೆ ೧೮,೦೦೦, ಇದ್ದರೆ ೧೦,೦೦೦. ಅವರ ದೃಷ್ಟಿಯಿಂದ ಅದು ನ್ಯಾಯವೇ. ನಾಟಿಂಗ್‌ಹ್ಯಾಮಿನಿಂದ ಹೊರಟ ದಿನ ಆ ಸೈಕಲ್ಲು ಹೇಗಿತ್ತೋ ಹಾಗೆ ಒಂದಾದರೂ ಉಳಿಯಲಿ ಎಂದು ಬಯಸುವವರು ಬೇಕು; ಅಂಥವರಿಲ್ಲದಿದ್ದರೆ ೨೬ ಎಳೆಯ ಗುಟ್ಟು ನನಗೆ ತಿಳಿಯುತ್ತಲೇ ಇರಲಿಲ್ಲ. ಆದರೂ ನಮ್ಮ ತಾತ ಇಪ್ಪತ್ತೆಂಟು ವರ್ಷ ತುಳಿದದ್ದರ ಬೆಲೆ ಎಂಟು ಸಾವಿರ ರೂಪಾಯಿ, ಅದೂ ಕಳೆಯುವ ಚಿಹ್ನೆಯೊಡನೆ ಬರುತ್ತದೆಂಬುದನ್ನು ಜೀರ್ಣಿಸಿಕೊಳ್ಳುವುದು ಕಷ್ಟವಾಯಿತು. ಸವಕಳಿ ಎಂದರೆ ಇದೇ ಏನೆಂದು ಅರ್ಥಶಾಸ್ತ್ರದ ಅಧ್ಯಾಪಕರನ್ನು ಕೇಳಿದೆ. ಅವರು ಪುಸ್ತಕ ಮುಚ್ಚಿ, ನಾಳೆ ಹೇಳುತ್ತೇನೆಂದರು.

ಮಾರುವ ವಿಷಯದಲ್ಲಿ ತಾತನಿಗೆ ಯಾವ ಮೋಹವೂ ಇಲ್ಲ. ‘ಕಬ್ಣ ಕಣವ್ವ ಅದು. ಹದಿನೆಂಟು ಕೊಟ್ರೆ ಕ್ಯಾರಿಯರ್ ಕುಯ್ದಾಕಿ ಕೊಟ್ಬುಡಿ. ಮಗೀನ ಫೀಸಿಗಾಯ್ತದೆ’ ಎಂದು ತಂದೆಯವರಿಗೆ ಹೇಳಿದರು. ನನ್ನ ಎಂ.ಎ. ಪ್ರವೇಶದ ಶುಲ್ಕ, ಹಾಸ್ಟೆಲ್ಲಿನ ಠೇವಣಿ ಮುಂದೆ ಬರಲಿರುವುದು ಅವರ ಮನಸ್ಸಿನಲ್ಲಿತ್ತು. ದೊಡ್ಡಪ್ಪನವರು, ಅಷ್ಟು ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದರೆ ಹಳೆಯ ಟಿವಿಎಸ್ಸೇ ಬರುತ್ತದಲ್ಲ ಎಂದರು. ತಂದೆಯವರು ಪೆಟ್ರೋಲಿನ ಲೆಕ್ಕವನ್ನು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದು, ಒಂದು ಸಂಜೆಯೆಲ್ಲ ಅದನ್ನೇ ನೋಡುತ್ತ ಕೂತರು. ನನ್ನನ್ನೂ ಕೇಳಿದರು. ಶುಲ್ಕಕ್ಕೆ ವಿದ್ಯಾರ್ಥಿವೇತನದ ಅರ್ಜಿ ಹಾಕಿದ್ದೇನೆ, ಬಂದರೂ ಬರಬಹುದು, ಬಾರದಿದ್ದರೆ ಒಂದು ವರ್ಷ ಎಲ್ಲಾದರೂ ಕೆಲಸ ಮಾಡಿ ಆಮೇಲೆ ಸೇರುತ್ತೇನೆ ಎಂದೆ. ಈ ಮಾತನ್ನು ಧೈರ್ಯದಿಂದ ಹೇಳಿದೆನೆಂದು ಬರೆದರೆ ಸುಳ್ಳಾಗುತ್ತದೆ. ನಮ್ಮ ತಾಯಿಯವರು ಮಾತ್ರ, ‘ಮತ್ತೆ ತಲೆ ಮೇಲೆ ಹೊರೋದು ಬ್ಯಾಡ’ ಎಂದು ಒಂದೇ ಮಾತು ಹೇಳಿ ಒಳಕ್ಕೆ ಹೋದರು. ಮರುದಿನ ಗೋಡೆಯ ಮೇಲಿನ ಲೆಕ್ಕಕ್ಕೆ ಸುಣ್ಣ ಬಳಿದಿತ್ತು. ಯಾರು ಬಳಿದರೆಂದು ಯಾರೂ ಕೇಳಲಿಲ್ಲ.

ಸೈಕಲ್ಲು ಈಗ ದಿನವೂ ಬೆಳಗ್ಗೆ ಆರಕ್ಕೆ ಹೊರಡುತ್ತದೆ. ಎಡಕ್ಕೆ ನಮ್ಮ ಕ್ಯಾನು, ಬಲಕ್ಕೆ ದೊಡ್ಡಪ್ಪನವರದು. ನಾಲ್ಕು ತಿಂಗಳಾಯಿತು, ಪಿನ್ನು ಜಾರಿಲ್ಲ, ಸೊಸೈಟಿಯ ಬಾಗಿಲು ಹಾಕಿದ್ದಿಲ್ಲ. ಆದರೆ ಚೈನಿನ ಮೇಲೆ ಮುಚ್ಚುವ ಗೇರ್ ಕೇಸು ಇನ್ನೂ ಸಿಕ್ಕಿಲ್ಲ. ಮಳೆಗಾಲದಲ್ಲಿ ಗದ್ದೆಯ ಕೆಸರು ಚೈನಿಗೆ ಹತ್ತುತ್ತದೆ. ಬಲಗಡೆಯ ಎಡಮುರಿ ಕಪ್ಪು ಇನ್ನೊಂದು ಜೊತೆಯಲ್ಲಿರುವುದು ಒಳ್ಳೆಯದೆಂದು ಷಾಪಿನ ಯಜಮಾನರು ಹೇಳುತ್ತಾರೆ. ನಮ್ಮ ಕಾಲೇಜಿಗೆ ಏಳು ತಾಲ್ಲೂಕಿನಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಎಲ್ಲರ ಊರಿನಲ್ಲೂ ಒಂದು ಅಟ್ಟ, ಒಂದು ಕೊಟ್ಟಿಗೆ ಇದ್ದೇ ಇರುತ್ತದೆ. ರಜೆಗೆ ಹೋದಾಗ ಒಂದು ಸಲ ಮೇಲೆ ಹತ್ತಿ ನೋಡಿರಿ. ಚೈನ್ ವೀಲಿನಲ್ಲಿ ಮೂರು ಕೊಕ್ಕರೆಗಳಿದ್ದರೆ ಬಡಿಯಬೇಡಿ, ಗುಜರಿಗೆ ಹಾಕಬೇಡಿ, ಅಂತಿಮ ಬಿ.ಎ. ತರಗತಿಯಲ್ಲಿ ಕಿಟಕಿಯ ಪಕ್ಕದ ಮೂರನೆಯ ಬೆಂಚಿನಲ್ಲಿ ನಾನಿರುತ್ತೇನೆ. ರಿಂಗು ಇನ್ನೂ ಪೆಟ್ಟಿಗೆಯಲ್ಲೇ ಇದೆ.